ಮುಂಬೈ ಗ್ಯಾಲರಿಯಲ್ಲಿ ಗೊಬ್ಬರ: ಮೊದಲು ಒಣ ಎಲೆ ಕೂಡಿಡಿ

ಮನೆಯಲ್ಲೇ ಗೊಬ್ಬರ ಮಾಡುತ್ತೇನೆ ಅಂದ ಕೂಡಲೇ ಜನ ಕೇಳುವುದು, ಯಾವ ಡಬ್ಬ ತಗೊಂಡ್ರಿ ಅಂತ. ನನ್ನದು ಪೇಂಟಿನ ಹಳೇ ಬಕೆಟ್. ತಳಕ್ಕೂ ಪಕ್ಕಕ್ಕೂ ತೂತು ಕೊರೆದು, ಗ್ಯಾಲರಿಯಲ್ಲಿ, ಅಂದರೆ ಬಾಲ್ಕನಿಯಲ್ಲಿ, ಎರಡು ಇಟ್ಟಿಗೆ ಮೇಲೆ ಕೂರಿಸಿ, ಕೆಳಗೊಂದು ತಟ್ಟೆ ಇಟ್ಟಿದ್ದೇನೆ. ಡಬ್ಬದ ವಿಷಯ ಅಷ್ಟೇ. ಮುಂಬೈಯಲ್ಲಿ ಯೋಚನೆ ಮಾಡಬೇಕಾದ್ದು ಒಣ ಎಲೆ ಬಗ್ಗೆ.

ಜೂನ್‌ನಲ್ಲಿ ಮಳೆ ಹಿಡಿದರೆ ಇಲ್ಲಿ ಒಗೆದ ಬಟ್ಟೆಯೇ ಒಣಗುವುದಿಲ್ಲ, ಇನ್ನು ಹಸಿ ಕಸ ಕೇಳಬೇಕಾ? ತರಕಾರಿ ಸಿಪ್ಪೆಯಲ್ಲಿ ನೀರೇ ಜಾಸ್ತಿ. ಒಣ ವಸ್ತು ಸೇರದಿದ್ದರೆ ಗಾಳಿ ಆಡುವುದಿಲ್ಲ, ಕೊಳೆತು ನಾರುತ್ತದೆ. ಒಣ ಎಲೆಯಲ್ಲಿ ಹೆಚ್ಚಿರುವ ಇಂಗಾಲ 25ರಿಂದ 30 ಪಾಲು, ಹಸಿ ಸಿಪ್ಪೆಯಲ್ಲಿ ಹೆಚ್ಚಿರುವ ಸಾರಜನಕ ಒಂದು ಪಾಲು ಇರಬೇಕು ಎನ್ನುತ್ತಾರೆ. ಗ್ಯಾಲರಿಯಲ್ಲಿ ಯಾರು ಅಳೆಯುತ್ತಾರೆ? ಒಂದು ಬೋಗುಣಿ ಸಿಪ್ಪೆಗೆ ಎರಡು ಬೋಗುಣಿ ಒಣ ಎಲೆ, ನನ್ನ ಲೆಕ್ಕ ಇಷ್ಟೇ.

ಎಲೆ ಉದುರುವ ಫೆಬ್ರವರಿ, ಮಾರ್ಚ್‌ನಲ್ಲೇ ಇಡೀ ಮಳೆಗಾಲಕ್ಕೆ ಕೂಡಿಡುತ್ತೇನೆ. ನಮ್ಮ ಸೊಸೈಟಿಯಲ್ಲಿ ಕಾಡುಬಾದಾಮಿ, ಮಳೆಮರ ಎರಡೂ ಇವೆ. ಗುಡಿಸುವ ಮಾವ್ಶಿಗೆ ಹೇಳಿಟ್ಟರೆ ಅಕ್ಕಿ ಚೀಲದಲ್ಲಿ ತುಂಬಿ ಕೊಡುತ್ತಾರೆ. ಮಳೆಮರದ ಎಲೆ ಸಣ್ಣದು, ಹಾಗೇ ಹಾಕಬಹುದು. ಬಾದಾಮಿ ಎಲೆಯನ್ನು ಮಾತ್ರ ಕೈಯಲ್ಲಿ ಪುಡಿ ಮಾಡಬೇಕು, ಇಲ್ಲದಿದ್ದರೆ ಒಂದರ ಮೇಲೊಂದು ಅಂಟಿಕೊಂಡು ಗಾಳಿಗೇ ಅಡ್ಡ ಕೂರುತ್ತದೆ. ಚೀಲ ಖಾಲಿಯಾದರೆ ರಟ್ಟಿನ ಡಬ್ಬಿ, ಮೊಟ್ಟೆ ಟ್ರೇ ಹರಿದು ಹಾಕಿದರೂ ನಡೆಯುತ್ತದೆ.

ಕಾಫಿ ಚರಟ, ಬಾಳೆ ಸಿಪ್ಪೆ, ಸೊಪ್ಪಿನ ದಂಟು, ದೇವರಿಗೆ ಏರಿಸಿದ ಹೂವು ಎಲ್ಲ ಒಳಗೆ. ದಪ್ಪಗಿದ್ದರೆ ಕತ್ತರಿಸಿ. ತೆಂಗಿನ ಕರಟ ಬೇಡ. ಊರಲ್ಲಿ ಮೀನಿನ ಕಸ ತೆಂಗಿನ ಬುಡಕ್ಕೆ ಹೂಳುತ್ತಿದ್ದೆವು, ಮೂರನೇ ಮಹಡಿಯಲ್ಲಿ ಆ ಆಟ ನಡೆಯುವುದಿಲ್ಲ! ನಾವಿರುವುದು ಮುಲುಂಡ್. ಊರ ಕಸ ಸುರಿಯುತ್ತಿದ್ದ ಇಲ್ಲಿನ ಡಂಪಿಂಗ್ ಗ್ರೌಂಡ್ ಮುಚ್ಚಿದ್ದು 2018ರಲ್ಲಿ. ಅದರ ವಾಸನೆ ಕುಡಿದವರ ಮೂಗು ಬಲು ಚುರುಕು, ಅಲ್ವಾ?

ಮೊದಲ ಸಲ ಒಂದು ಹಿಡಿ ಹಳೇ ಗೊಬ್ಬರ ಅಥವಾ ಹುಳಿ ಮಜ್ಜಿಗೆ ಸೇರಿಸಿ. ಆಗಾಗ ಬುಡ ಮೇಲು ಮಾಡಿ. ತೇವ ನೋಡಲು ಒಂದು ಮುಷ್ಟಿ ತೆಗೆದು ಗಟ್ಟಿಯಾಗಿ ಹಿಂಡುತ್ತೇನೆ. ಬೆರಳ ಸಂದಿಯಲ್ಲಿ ಒಂದೆರಡು ಹನಿ ಕಂಡರೆ ಸರಿ. ಧಾರೆ ಇಳಿದರೆ ಎಲೆ ಬೇಕು, ಕೈಬಿಟ್ಟ ಕೂಡಲೇ ಉದುರಿದರೆ ನೀರು ಚಿಮುಕಿಸಬೇಕು. ಬಿಳಿ ಬೂಷ್ಟು ಬಂದರೆ ಕಸ ಕರಗುತ್ತಿದೆ ಅಂತ ಖುಷಿಪಡಿ. ಸಣ್ಣ ನೊಣ ಎದ್ದರೆ ಮೇಲೊಂದು ಪದರ ಎಲೆ ಹೊದಿಸಿ. ಮಳೆಗಾಲದಲ್ಲಿ ಬೂದುಬಣ್ಣದ ದಪ್ಪ ಹುಳ ಕಾಣಿಸಿಕೊಳ್ಳುತ್ತವೆ, ಬ್ಲ್ಯಾಕ್ ಸೋಲ್ಜರ್ ಫ್ಲೈ ಎಂಬ ನೊಣದ ಮರಿಗಳು. ಕಚ್ಚುವುದಿಲ್ಲ, ಕಸವನ್ನು ಸರಸರ ತಿಂದು ಮುಗಿಸುತ್ತವೆ. ಮನೆಯವರಿಗೆ ಮೊದಲೇ ಹೇಳಿಡುವುದು ಒಳ್ಳೆಯದು.

ಕಪ್ಪಾಗಿ, ಪುಡಿಪುಡಿಯಾಗಿ, ಮಳೆ ಬಿದ್ದ ಮಣ್ಣಿನ ವಾಸನೆ ಬಂದರೆ ಗೊಬ್ಬರ ತಯಾರು. ಜರಡಿ ಹಿಡಿದು, ಮೂರು ಪಾಲು ಮಣ್ಣಿಗೆ ಒಂದು ಪಾಲು ಬೆರೆಸುತ್ತೇನೆ. ಇಷ್ಟು ಸಣ್ಣ ಬಕೆಟ್ ಬೀಜ ಸಾಯುವಷ್ಟು ಬಿಸಿಯಾಗುವುದಿಲ್ಲ. ಹಾಗಾಗಿ ತುಳಸಿ ಕುಂಡದಲ್ಲಿ ಟೊಮೆಟೊ ಸಸಿ ಎದ್ದರೆ ಗಾಬರಿಯಾಗಬೇಡಿ. ಜರಡಿಯಲ್ಲಿ ಉಳಿದ ಒರಟು ಚೂರು ಮತ್ತೆ ಬಕೆಟ್ಟಿಗೆ.