32 ಬಿಟ್ ಕಂಪ್ಯೂಟರ್ ಬದಲಾಯಿಸೋರು ಒಮ್ಮೆ ಓದಿ

ಚಿಕ್ಕಮಗಳೂರು ಕಡೆ ತೋಟದ ಆಫೀಸುಗಳಲ್ಲಿ ಇನ್ನೂ 32 ಬಿಟ್ ವಿಂಡೋಸ್ ಓಡಿಸ್ತಿರೋರು ಬೇಕಾದಷ್ಟು ಜನ ಇದ್ದೀರಿ. ವಿಂಡೋಸ್ 10ಕ್ಕೆ ಮಾಮೂಲಿ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೇ ಮುಗೀತು. 11 ಬರೋದು 64 ಬಿಟ್‌ನಲ್ಲಿ ಮಾತ್ರ.

ಹಳೇ ಮೆಷಿನ್ನಿನ ಸೆಟ್ಟಿಂಗ್ಸ್, ಸಿಸ್ಟಮ್, ಅಬೌಟ್‌ನಲ್ಲಿ 'ಎಕ್ಸ್64 ಪ್ರೊಸೆಸರ್' ಅಂತಿದ್ರೆ ಅದೇ ಪೆಟ್ಟಿಗೆಗೆ ವಿಂಡೋಸ್ ಬದಲು 64 ಬಿಟ್ ಲಿನಕ್ಸ್ ಅನ್ನೋ ಆಪರೇಟಿಂಗ್ ಸಿಸ್ಟಮ್ ಆದ್ರೂ ಹಾಕ್ಬಹುದು, ಬಿಸಾಡ್ಬೇಡಿ. ಆದ್ರೆ 32ರ ಮೇಲೇ 64ಕ್ಕೆ ಅಪ್‌ಗ್ರೇಡ್ ಮಾಡೋಕೆ ಬರಲ್ಲ, ಹೊಸದಾಗೇ ಇನ್‌ಸ್ಟಾಲ್ ಆಗ್ಬೇಕು. ಮೊದಲು ಬ್ಯಾಕಪ್. ಡಿ ಡ್ರೈವ್‌ಗೆ ಕಾಪಿ ಹಾಕಿ ಬ್ಯಾಕಪ್ ಆಯ್ತು ಅನ್ಬೇಡಿ, ಸಾಮಾನ್ಯವಾಗಿ ಅದೂ ಅದೇ ಡಿಸ್ಕೇ ಕಣ್ರೀ!

ನಿಜವಾದ ತಲೆನೋವು ಬಟವಾಡೆ ಪಟ್ಟಿ ತೆಗೆಯೋ ಹಳೇ ಡಾಸ್ ಸಾಫ್ಟ್‌ವೇರ್. ಅಂಥ 16 ಬಿಟ್ ಪ್ರೋಗ್ರಾಮ್ 64 ಬಿಟ್ ವಿಂಡೋಸ್‌ನಲ್ಲಿ ಏಳೋದೇ ಇಲ್ಲ. ಹಳೇ ಡಾಸ್ ಪ್ರೋಗ್ರಾಮ್ ಓಡಿಸೋಕೆ ಡಾಸ್‌ಬಾಕ್ಸ್ ಅನ್ನೋ ಸಾಫ್ಟ್‌ವೇರ್ ಉಚಿತವಾಗಿ ಸಿಗತ್ತೆ, ಅದರೊಳಗೆ ಓಡಿಸಿ ನೋಡಿ. ಲೆಕ್ಕ ತೆರೆಯತ್ತೆ, ಪ್ರಿಂಟ್ ತೆಗೆಯೋದೇ ಕಿರಿಕಿರಿ. ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್‌ಗೆ 64 ಬಿಟ್ ಡ್ರೈವರ್ ಇದ್ಯಾ ಅಂತ ಕಂಪನಿ ಸೈಟಲ್ಲಿ ಮೊದಲೇ ನೋಡ್ಕೊಳ್ಳಿ. ಹೊಸ ಸಿಪಿಯುನಲ್ಲಿ ಹಳೇ ಪ್ರಿಂಟರ್ ಕೇಬಲ್ ಚುಚ್ಚೋ ಪ್ಯಾರಲಲ್ ಪೋರ್ಟ್ ಇರೋದೂ ಅನುಮಾನ.

ಬದಲಾವಣೆ ಮಾರ್ಚ್ ಕೊನೇಲಿ ಇಟ್ಕೋಬೇಡಿ. ಒಂದೆರಡು ಬಟವಾಡೆ ಎರಡರಲ್ಲೂ ಮಾಡಿ, ಮೊತ್ತ ತಾಳೆ ಆದ್ಮೇಲೆ ಹಳೇದನ್ನ ಆಫ್ ಮಾಡಿ.