ಅಮೆರಿಕದಲ್ಲಿ ಸರ್ಕಾರಿ ಇಂಗ್ಲಿಷ್ ತರಗತಿ ಸೇರುವುದು ಹೇಗೆ? ಕಾಯ್ದೆ ಕೇಳುವುದೇನು, ಕೇಳದಿರುವುದೇನು

ಊರಿನಲ್ಲಿ ಮೂವತ್ತು ವರ್ಷ ಕನ್ನಡ ಮಾಧ್ಯಮದ ಶಾಲೆಯಲ್ಲಿ ಗಣಿತ ಕಲಿಸಿ, ನಿವೃತ್ತಿಯ ನಂತರ ಗ್ರೀನ್ ಕಾರ್ಡ್ ಪಡೆದು ನ್ಯೂಜೆರ್ಸಿಯಲ್ಲೋ ಟೆಕ್ಸಾಸ್‌ನಲ್ಲೋ ಮಗಳ ಮನೆಯಲ್ಲಿ ನೆಲೆಸಿರುವ ಶಿಕ್ಷಕಿಯೊಬ್ಬರನ್ನು ಊಹಿಸಿಕೊಳ್ಳಿ. ಇಂಗ್ಲಿಷ್ ಪತ್ರಿಕೆ ಓದಿದರೆ ಅವರಿಗೆ ಅರ್ಥವಾಗುತ್ತದೆ. ಔಷಧದಂಗಡಿಯ ಕಿಟಕಿಯ ಮುಂದೆ ನಿಂತಾಗ ಮಾತ್ರ ನಾಲಿಗೆ ಏಳುವುದಿಲ್ಲ. ಹತ್ತಿರದ ಶಾಲೆಯಲ್ಲಿ ಸಂಜೆ ಹೊತ್ತು ವಯಸ್ಕರಿಗೆ ಇಂಗ್ಲಿಷ್ ಕಲಿಸುತ್ತಾರೆಂದು ನೆರೆಯವರು ಹೇಳಿದರೆ, ‘ಅದು ಓದುಬರಹ ಬಾರದವರಿಗೆ, ನಾನು ಬಿ.ಎಸ್ಸಿ., ಬಿ.ಇಡಿ. ಮಾಡಿದವಳು’ ಎಂಬ ಸಂಕೋಚದಿಂದ ಹಿಂದೆ ಸರಿಯುತ್ತಾರೆ. ಈ ಸಂಕೋಚಕ್ಕೆ ಅಲ್ಲಿನ ಕಾನೂನಿನಲ್ಲಿ ಯಾವ ಆಧಾರವೂ ಇಲ್ಲ. ಕಾನೂನು ನಿಜವಾಗಿ ವಿಚಾರಿಸುವ ಸಂಗತಿಗಳು ಬೇರೆಯೇ ಇವೆ.

ಈ ತರಗತಿಗಳ ಹಿಂದಿರುವುದು 2014ರ ಜುಲೈ 22ರಂದು ಅಧ್ಯಕ್ಷ ಬರಾಕ್ ಒಬಾಮ ಸಹಿ ಹಾಕಿದ ‘ವರ್ಕ್‌ಫೋರ್ಸ್ ಇನ್ನೊವೇಷನ್ ಆ್ಯಂಡ್ ಆಪರ್ಚುನಿಟಿ ಆ್ಯಕ್ಟ್’. ಅದರ ಎರಡನೆಯ ಭಾಗವೇ ವಯಸ್ಕರ ಶಿಕ್ಷಣ ಮತ್ತು ಕುಟುಂಬ ಸಾಕ್ಷರತೆಯ ಕಾಯ್ದೆ. ಇದನ್ನು ಜಾರಿಗೊಳಿಸುವ ವಿವರವಾದ ನಿಯಮಗಳು 2016ರ ಆಗಸ್ಟ್‌ನಲ್ಲಿ ಪ್ರಕಟವಾದವು. ಫೆಡರಲ್ ಸರ್ಕಾರ ತಾನೇ ತರಗತಿ ನಡೆಸುವುದಿಲ್ಲ. ಅದು ಸೂತ್ರವೊಂದರ ಪ್ರಕಾರ ರಾಜ್ಯಗಳಿಗೆ ಹಣ ಹಂಚುತ್ತದೆ. ರಾಜ್ಯಗಳು ತಮ್ಮ ಪಾಲಿನ ವಂತಿಗೆಯನ್ನೂ ಸೇರಿಸಿ, ಫೆಡರಲ್ ಹಣದಲ್ಲಿ ಕನಿಷ್ಠ ಶೇ 82.5ರಷ್ಟನ್ನು ಸ್ಪರ್ಧೆಯ ಮೂಲಕ ಆಯ್ದ ಶಾಲಾ ಜಿಲ್ಲೆ, ಸಮುದಾಯ ಕಾಲೇಜು, ಗ್ರಂಥಾಲಯ, ಸ್ವಯಂಸೇವಾ ಸಂಸ್ಥೆಗಳಿಗೆ ಅನುದಾನವಾಗಿ ಕೊಡಬೇಕು. ಹೀಗೆ ಕೈಬದಲಾಯಿಸುತ್ತ ಬರುವ ಹಣದ ಜೊತೆಗೆ ಲೆಕ್ಕ ಒಪ್ಪಿಸುವ ಹೊಣೆಯೂ ಕೆಳಗಿಳಿಯುತ್ತದೆ. ತರಗತಿಯಲ್ಲಿ ನಿಮಗೆ ಕಿರಿಕಿರಿ ಎನ್ನಿಸುವ ಬಹುತೇಕ ಕ್ರಮಗಳ ಮೂಲ ಅಲ್ಲಿದೆ.

ಮೊದಲ ಹೆಜ್ಜೆ: ಅರ್ಹತೆಯನ್ನು ನೋಡಿಕೊಳ್ಳುವುದು

ಕಾಯ್ದೆಯ ಪ್ರಕಾರ ಅಭ್ಯರ್ಥಿಗೆ 16 ವರ್ಷ ತುಂಬಿರಬೇಕು. ಆತ ಅಥವಾ ಆಕೆ ಪ್ರೌಢಶಾಲೆಯಲ್ಲಿ ಓದುತ್ತಿರಬಾರದು, ರಾಜ್ಯದ ಕಾನೂನಿನಂತೆ ಓದಲೇಬೇಕಾದ ವಯಸ್ಸಿನವರೂ ಆಗಿರಬಾರದು. ಇವುಗಳ ಜೊತೆಗೆ ಮೂರರಲ್ಲಿ ಒಂದು ಕೊರತೆ ಇರಬೇಕು: ಓದು, ಬರಹ, ಲೆಕ್ಕದಂಥ ಮೂಲಭೂತ ಕೌಶಲದಲ್ಲಿ ಹಿಂದುಳಿದಿರುವುದು, ಪ್ರೌಢಶಾಲಾ ಪ್ರಮಾಣಪತ್ರವಾಗಲಿ ಅದಕ್ಕೆ ಸಮನಾದ ಶಿಕ್ಷಣವಾಗಲಿ ಇಲ್ಲದಿರುವುದು, ಇಲ್ಲವೇ ಇಂಗ್ಲಿಷ್ ಕಲಿಕಾರ್ಥಿಯಾಗಿರುವುದು. ‘ಒಂದು’ ಎಂಬ ಮಾತನ್ನು ಗಮನಿಸಿ. ಮಾತೃಭಾಷೆ ಇಂಗ್ಲಿಷ್ ಅಲ್ಲದ, ಇಂಗ್ಲಿಷನ್ನು ಓದುವುದರಲ್ಲೋ ಬರೆಯುವುದರಲ್ಲೋ ಮಾತಾಡುವುದರಲ್ಲೋ ಗ್ರಹಿಸುವುದರಲ್ಲೋ ಮಿತಿ ಇರುವ ಯಾರೇ ಆದರೂ, ಸ್ನಾತಕೋತ್ತರ ಪದವೀಧರರಾಗಿದ್ದರೂ, ಮೂರನೆಯ ಬಾಗಿಲಿನಿಂದ ಒಳಗೆ ಬರಬಹುದು. ಅಷ್ಟೇ ಅಲ್ಲ, ಇಂಗ್ಲಿಷ್ ಸಾಕ್ಷರತೆ ಮತ್ತು ನಾಗರಿಕ ಶಿಕ್ಷಣವನ್ನು ಒಟ್ಟುಗೂಡಿಸಿದ ಕಾರ್ಯಕ್ರಮದ ವ್ಯಾಖ್ಯಾನದಲ್ಲಿ, ತಾಯ್ನಾಡಿನಲ್ಲಿ ಪದವಿ ಮತ್ತು ವೃತ್ತಿ ಅರ್ಹತೆ ಪಡೆದವರೂ ಸೇರುತ್ತಾರೆಂದು ಬಿಡಿಸಿ ಬರೆದಿದೆ. ದಾವಣಗೆರೆಯ ದಂತವೈದ್ಯೆಯೂ ಹುಬ್ಬಳ್ಳಿಯ ಲೆಕ್ಕಪರಿಶೋಧಕರೂ ಕಾಯ್ದೆ ಬರೆದವರ ಮನಸ್ಸಿನಲ್ಲಿದ್ದರು ಎಂದೇ ಹೇಳಬಹುದು.

ಎರಡನೆಯ ಹೆಜ್ಜೆ: ವೀಸಾ ಯಾವುದೆಂದು ನೋಡುವುದು

ಈ ಭಾಗವನ್ನು ನಿಧಾನವಾಗಿ ಓದಬೇಕು, ಏಕೆಂದರೆ ವಯಸ್ಕರ ಶಿಕ್ಷಣದ ಕಾಯ್ದೆಯಲ್ಲಿ ವಲಸೆಯ ಸ್ಥಾನಮಾನದ ಷರತ್ತು ಇಲ್ಲವಾದರೂ ಬೇರೆ ಕಾನೂನುಗಳು ಅಡ್ಡ ಬರುತ್ತವೆ. ಪ್ರವಾಸಿಯಾಗಿ ಬಿ-2 ವೀಸಾದಲ್ಲಿ ಬಂದ ತಂದೆತಾಯಿ ಕ್ರಮಬದ್ಧವಾದ ವ್ಯಾಸಂಗಕ್ಕೆ ಸೇರಿದರೆ ವಲಸೆ ನಿಯಮದ ಉಲ್ಲಂಘನೆಯಾಗುತ್ತದೆ. ಆರು ತಿಂಗಳಿಗೆಂದು ಬಂದವರು ಮಗನ ಒತ್ತಾಯಕ್ಕೆ ಅರ್ಜಿ ತುಂಬುವುದು ಬೇಡ. ದಾಖಲಾತಿಯೇ ಇಲ್ಲದೆ ಗ್ರಂಥಾಲಯಗಳಲ್ಲಿ ನಡೆಯುವ ಸಂಭಾಷಣಾ ಕೂಟ ಅವರಿಗೆ ಸಾಕು. ಸಾರ್ವಜನಿಕ ಹಣದಿಂದ ನಡೆಯುವ ವಯಸ್ಕರ ಶಿಕ್ಷಣಕ್ಕಾಗಿ ಎಫ್-1 ವಿದ್ಯಾರ್ಥಿ ಸ್ಥಾನಮಾನ ಕೊಡಬಾರದೆಂದು ಇನ್ನೊಂದು ಕಾನೂನು ಹೇಳುತ್ತದೆ.

ಉಳಿದದ್ದು ಎಚ್-4, ಅಂದರೆ ಎಚ್-1ಬಿ ಉದ್ಯೋಗಿಗಳ ಪತಿ ಅಥವಾ ಪತ್ನಿಯರ ಪ್ರಶ್ನೆ. ನಮ್ಮವರಲ್ಲಿ ಬಹಳ ಮಂದಿಗೆ ತಟ್ಟುವುದು ಇದೇ. ಎಚ್-4 ಇದ್ದವರು ಓದುವುದಕ್ಕೆ ವಲಸೆ ಕಾನೂನಿನಿಂದ ಅಡ್ಡಿಯಿಲ್ಲ. ಆದರೆ ಫೆಡರಲ್ ಸರ್ಕಾರದ ಸಾರ್ವಜನಿಕ ಸೌಲಭ್ಯಗಳನ್ನು ‘ಅರ್ಹ ವಿದೇಶೀಯರಿಗೆ’ ಮೀಸಲಿಡುವ 1996ರ ಕಾಯ್ದೆಯೊಂದಿದೆ. ಗ್ರೀನ್ ಕಾರ್ಡ್ ಇರುವವರು, ನಿರಾಶ್ರಿತರು, ಆಶ್ರಯ ಪಡೆದವರು ಆ ಪಟ್ಟಿಯಲ್ಲಿದ್ದಾರೆ, ಎಚ್-4 ಇಲ್ಲ. ವಯಸ್ಕರ ಶಿಕ್ಷಣ ಈ ನಿರ್ಬಂಧಕ್ಕೆ ಒಳಪಡುವುದಿಲ್ಲವೆಂದು 1997ರಿಂದ ನಡೆದುಬಂದಿದ್ದ ತಿಳಿವಳಿಕೆಯನ್ನು ಶಿಕ್ಷಣ ಇಲಾಖೆ 2025ರ ಜುಲೈಯಲ್ಲಿ ಹಿಂತೆಗೆದುಕೊಂಡು, ಒಳಪಡುತ್ತದೆಂಬ ಹೊಸ ವ್ಯಾಖ್ಯಾನ ಹೊರಡಿಸಿತು. ಅದನ್ನು 20 ರಾಜ್ಯಗಳು ಮತ್ತು ರಾಜಧಾನಿ ವಾಷಿಂಗ್ಟನ್ ಪ್ರಶ್ನಿಸಿದವು. ರೋಡ್ ಐಲೆಂಡ್‌ನ ಫೆಡರಲ್ ನ್ಯಾಯಾಲಯ ಅದೇ ಸೆಪ್ಟೆಂಬರ್‌ನಲ್ಲಿ ಆ ರಾಜ್ಯಗಳ ಮಟ್ಟಿಗೆ ತಾತ್ಕಾಲಿಕ ತಡೆ ನೀಡಿತು. ಹೀಗಾಗಿ ಎಚ್-4 ಇರುವವರಿಗೆ ಉತ್ತರ ರಾಜ್ಯದಿಂದ ರಾಜ್ಯಕ್ಕೆ ಬೇರೆಯಾಗಬಹುದು, ಮೊಕದ್ದಮೆ ಸಾಗಿದಂತೆ ಬದಲಾಗಲೂಬಹುದು. ಅವರು ತರಗತಿ ನಡೆಸುವ ಕೇಂದ್ರಕ್ಕೆ ಫೋನ್ ಮಾಡಿದಾಗ ‘ಈ ತರಗತಿ ಯಾವ ಹಣದಿಂದ ನಡೆಯುತ್ತದೆ?’ ಎಂದು ಕೇಳುವುದು ಒಳ್ಳೆಯದು. ಒಂದೇ ಕಟ್ಟಡದಲ್ಲಿ ಫೆಡರಲ್ ಹಣದ ತರಗತಿಯೂ ರಾಜ್ಯದ ಸ್ವಂತ ಹಣದ ತರಗತಿಯೂ ಅಕ್ಕಪಕ್ಕ ನಡೆಯುವುದುಂಟು. ಕ್ಯಾಲಿಫೋರ್ನಿಯಾದ ಅಡಲ್ಟ್ ಸ್ಕೂಲ್‌ಗಳಿಗೆ ರಾಜ್ಯದ್ದೇ ಪ್ರತ್ಯೇಕ ಅನುದಾನವಿದೆ.

ಮೂರನೆಯ ಹೆಜ್ಜೆ: ಕೇಂದ್ರವನ್ನು ಹುಡುಕುವುದು

ಇದು ಸುಲಭ. ಕ್ಯಾಲಿಫೋರ್ನಿಯಾದಲ್ಲಿ ರಾಜ್ಯದ ಶಿಕ್ಷಣ ಇಲಾಖೆ, ಟೆಕ್ಸಾಸ್‌ನಲ್ಲಿ ವರ್ಕ್‌ಫೋರ್ಸ್ ಕಮಿಷನ್, ಹೀಗೆ ರಾಜ್ಯಕ್ಕೊಂದು ಹೊಣೆಗಾರ ಕಚೇರಿ ಇರುತ್ತದೆ. ಎಲ್ಲಿ ವಿಚಾರಿಸಬೇಕೆಂದು ತಿಳಿಯದಿದ್ದರೆ ಕೆಲಸ ಹುಡುಕುವವರಿಗೆ ನೆರವಾಗುವ ಸರ್ಕಾರಿ ಕೇಂದ್ರವಾದ ಹತ್ತಿರದ ಅಮೆರಿಕನ್ ಜಾಬ್ ಸೆಂಟರ್‌ಗೆ ಹೋಗಿ. ವಯಸ್ಕರ ಶಿಕ್ಷಣ ಆ ಕೇಂದ್ರಗಳ ಕಡ್ಡಾಯ ಪಾಲುದಾರ. ಅರ್ಹತೆ ಇದ್ದ ಮಾತ್ರಕ್ಕೆ ಸೀಟು ಸಿಗಲೇಬೇಕೆಂಬ ಹಕ್ಕನ್ನು ಕಾಯ್ದೆ ಯಾರಿಗೂ ಕೊಟ್ಟಿಲ್ಲ. ಹಣ ಇದ್ದಷ್ಟು ತರಗತಿ, ಉಳಿದವರು ಸರದಿಯಲ್ಲಿ. ಕಾರ್ಯಕ್ರಮದ ವರ್ಷ ಜುಲೈ 1ರಿಂದ ಜೂನ್ 30ರವರೆಗೆ ಎಂಬುದನ್ನು ನೆನಪಿಟ್ಟುಕೊಂಡು ಬೇಸಿಗೆಯಲ್ಲೇ ವಿಚಾರಿಸಿದರೆ ಅನುಕೂಲ.

ನಾಲ್ಕನೆಯ ಹೆಜ್ಜೆ: ಪ್ರವೇಶ ಪರೀಕ್ಷೆ

ಮೊದಲ ದಿನವೇ ಪಾಠ ಆರಂಭವಾಗುವುದಿಲ್ಲ. ಪರಿಚಯ ಸಭೆ, ಅರ್ಜಿ, ಆಮೇಲೆ ಪರೀಕ್ಷೆ. ಫೆಡರಲ್ ಇಲಾಖೆ ಅನುಮೋದಿಸಿದ ಪರೀಕ್ಷೆಯನ್ನೇ ಬಳಸಬೇಕೆಂಬ ನಿಯಮವಿರುವುದರಿಂದ ಕಾಸಾಸ್, ಬೆಸ್ಟ್ ಪ್ಲಸ್ ಮುಂತಾದ ಹೆಸರುಗಳು ನಿಮ್ಮ ಕಿವಿಗೆ ಬೀಳುತ್ತವೆ. ಅದರ ಅಂಕವನ್ನು ಆಧರಿಸಿ ಇಂಗ್ಲಿಷ್ ಕಲಿಯುವವರನ್ನು ಆರು ಮಟ್ಟಗಳಲ್ಲಿ ಒಂದಕ್ಕೆ ಸೇರಿಸುತ್ತಾರೆ.

ಪರೀಕ್ಷೆ ಎಂದ ಕೂಡಲೇ ನಮ್ಮವರಲ್ಲಿ ಎಸ್ಸೆಸ್ಸೆಲ್ಸಿಯ ಭೂತ ಎದ್ದುಬಿಡುತ್ತದೆ. ಮಕ್ಕಳು ಮನೆಯಲ್ಲಿ ಕೂರಿಸಿ ತಾಲೀಮು ಮಾಡಿಸಿ, ಅಮ್ಮ ಮೇಲಿನ ಮಟ್ಟಕ್ಕೆ ಹೋದರೆಂದು ಹಿಗ್ಗುತ್ತಾರೆ. ಇದರಿಂದ ನಷ್ಟವೇ ಹೆಚ್ಚು. ಇಲ್ಲಿ ತೇರ್ಗಡೆ ಅನುತ್ತೀರ್ಣ ಎಂಬುದಿಲ್ಲ; ನಿಜವಾದ ಮಟ್ಟಕ್ಕಿಂತ ಮೇಲೆ ಕೂತವರಿಗೆ ಪಾಠ ಹತ್ತುವುದಿಲ್ಲ, ಪ್ರಗತಿ ತೋರಿಸುವುದೂ ಕಷ್ಟವಾಗುತ್ತದೆ. ವ್ಯಾಕರಣ ಬಾಯಿಪಾಠವಾಗಿದ್ದು ಮಾತು ಮಾತ್ರ ಬಾರದವರು, ಅಂದರೆ ಕನ್ನಡ ಮಾಧ್ಯಮದಲ್ಲಿ ಓದಿದ ನಮ್ಮಲ್ಲನೇಕರು, ಓದುವ ಪರೀಕ್ಷೆಯಲ್ಲಿ ಒಳ್ಳೆಯ ಅಂಕ ತೆಗೆದು ಸಂಭಾಷಣೆಯ ತರಗತಿಯಲ್ಲಿ ಮೂಕರಾಗಿ ಕೂರುವ ಅಪಾಯವಿದೆ. ತಮ್ಮ ತೊಡಕು ಇರುವುದು ಮಾತಿನಲ್ಲಿ ಎಂದು ಮೊದಲೇ ಹೇಳಿ, ಮೌಖಿಕ ಪರೀಕ್ಷೆಯ ವ್ಯವಸ್ಥೆ ಇದೆಯೇ ಎಂದು ಅವರು ಕೇಳಬೇಕು.

ಅರ್ಜಿಯಲ್ಲಿ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆಯ ಅಂಕಣ ಇರಬಹುದು. ಕೋರ್ಸ್ ಮುಗಿಸಿದವರಿಗೆ ಕೆಲಸ ಸಿಕ್ಕಿತೇ ಎಂದು ವೇತನ ದಾಖಲೆಗಳೊಂದಿಗೆ ತಾಳೆ ನೋಡಲು ಅದನ್ನು ಬಳಸುತ್ತಾರೆ. ಕೊಡಲೇಬೇಕೇ ಎಂದು ಕೇಳಿ ತಿಳಿದುಕೊಂಡು ತುಂಬಿ.

ಐದನೆಯ ಹೆಜ್ಜೆ: ಗಂಟೆಗಳ ಲೆಕ್ಕ

12 ಗಂಟೆ ತರಗತಿಯಲ್ಲಿ ಕಳೆದ ಮೇಲಷ್ಟೇ ಫೆಡರಲ್ ಲೆಕ್ಕದಲ್ಲಿ ನೀವು ಕಲಿಕಾರ್ಥಿ ಎನಿಸಿಕೊಳ್ಳುತ್ತೀರಿ. ಅದಾದ ಮೇಲೆ, ಪರೀಕ್ಷೆ ರೂಪಿಸಿದವರು ಗೊತ್ತುಪಡಿಸಿದಷ್ಟು ಗಂಟೆಗಳ ಪಾಠ ಮುಗಿದಾಗ ಎರಡನೆಯ ಪರೀಕ್ಷೆ ನಡೆಯುತ್ತದೆ. ಒಂದು ಮಟ್ಟ ಮೇಲೇರಿದರೆ ಅದು ‘ಅಳೆಯಬಹುದಾದ ಕೌಶಲ ವೃದ್ಧಿ’ ಎಂದು ದಾಖಲಾಗುತ್ತದೆ. ರಾಜ್ಯಗಳು ಫೆಡರಲ್ ಸರ್ಕಾರಕ್ಕೆ ಒಪ್ಪಿಸಬೇಕಾದ ಆರು ಸೂಚಕಗಳಲ್ಲಿ ಇದೂ ಒಂದು. ಉಳಿದವುಗಳಲ್ಲಿ, ಕಾರ್ಯಕ್ರಮ ಬಿಟ್ಟ ನಂತರದ ಎರಡನೆಯ ಹಾಗೂ ನಾಲ್ಕನೆಯ ತ್ರೈಮಾಸಿಕದಲ್ಲಿ ಕಲಿಕಾರ್ಥಿ ಉದ್ಯೋಗದಲ್ಲಿದ್ದಾರೆಯೇ ಎಂಬುದು ಮತ್ತು ಅವರ ಗಳಿಕೆ ಎಷ್ಟು ಎಂಬುದು ಸೇರಿವೆ.

ಇಲ್ಲಿ ನನ್ನದೊಂದು ತಕರಾರಿದೆ. ವಲಸಿಗರು ಇಂಗ್ಲಿಷ್ ಕಲಿಯುವುದು, ಅಮೆರಿಕದ ಆಡಳಿತ ಕ್ರಮವನ್ನೂ ಪೌರ ಹೊಣೆಗಳನ್ನೂ ಅರಿಯುವುದು ಕಾಯ್ದೆಯ ಘೋಷಿತ ಉದ್ದೇಶಗಳಲ್ಲೊಂದು. ಆದರೆ ಮೊಮ್ಮಗನ ಶಿಕ್ಷಕಿಯೊಂದಿಗೆ ನಾಲ್ಕು ಮಾತಾಡಲು ಬಯಸುವ 65ರ ಅಜ್ಜಿಯನ್ನೂ ಸೂಚಕಗಳು ಸಂಬಳದ ಅಳತೆಗೋಲಿನಿಂದಲೇ ಅಳೆಯುತ್ತವೆ. ಉದ್ದೇಶದ ಕಲಮಿನಲ್ಲಿ ಇರುವ ಔದಾರ್ಯ ಲೆಕ್ಕದ ಕಲಮಿನಲ್ಲಿ ಇಲ್ಲ. ಆದ್ದರಿಂದಲೇ ಹಲವು ಕೇಂದ್ರಗಳು ಶುಶ್ರೂಷೆ, ಮಕ್ಕಳ ಆರೈಕೆಯಂಥ ವೃತ್ತಿಗಳ ತರಬೇತಿಯೊಂದಿಗೆ ಇಂಗ್ಲಿಷನ್ನು ಹೆಣೆದ ತರಗತಿಗಳಿಗೆ ಒತ್ತು ಕೊಡುತ್ತವೆ. ಕೆಲಸ ಹುಡುಕುತ್ತಿರುವವರಿಗೆ ಅದು ನಿಜಕ್ಕೂ ಒಳ್ಳೆಯ ದಾರಿ. ಉಳಿದವರು ಸಾಮಾನ್ಯ ಇಂಗ್ಲಿಷ್ ತರಗತಿಯನ್ನೇ ಕೇಳಿ ಪಡೆಯಬೇಕು. ಕೆಲಸ ಹುಡುಕುತ್ತಿರಬೇಕೆಂಬುದು ಫೆಡರಲ್ ಅರ್ಹತೆಯ ಷರತ್ತಲ್ಲ.

ಕೊನೆಯದಾಗಿ, ಊರಿಗೆ ಹೊರಡುವವರಿಗೊಂದು ಸೂಚನೆ. 90 ದಿನ ಯಾವ ಸೇವೆಯನ್ನೂ ಪಡೆಯದಿದ್ದರೆ, ಮುಂದಿನ ಸೇವೆ ನಿಗದಿಯಾಗಿಲ್ಲದಿದ್ದರೆ, ನೀವು ಕಾರ್ಯಕ್ರಮದಿಂದ ನಿರ್ಗಮಿಸಿದಿರೆಂದು ದಾಖಲಾಗುತ್ತದೆ; ಮರಳಿ ಬಂದಾಗ ಅದು ಹೊಸ ಅವಧಿ. ಡಿಸೆಂಬರ್ ಚಳಿಗೆ ಬೆದರಿ ಬೆಂಗಳೂರಿಗೆ ಬಂದು ಯುಗಾದಿ ಮುಗಿಸಿಕೊಂಡು ಹೋಗುವ ಹಿರಿಯರು ಈ ಗೆರೆಯನ್ನು ದಾಟಿಯೇ ದಾಟುತ್ತಾರೆ. ಹೊರಡುವ ಎರಡು ವಾರ ಮೊದಲೇ ಶಿಕ್ಷಕರಿಗೆ ಪ್ರಯಾಣದ ದಿನಾಂಕ ತಿಳಿಸಿ, ಗಂಟೆಗಳು ತುಂಬಿದ್ದರೆ ಎರಡನೆಯ ಪರೀಕ್ಷೆಯನ್ನು ಮುಗಿಸಿಯೇ ವಿಮಾನ ಹತ್ತಿ.