ಎಂಟನೇ ಕ್ಲಾಸಿನ ಮಗುವಿಗೆ ಮೊದಲು ಜೊತೆ ಸಿಗಲಿ

ಚಿತ್ರದುರ್ಗದ ಸುತ್ತಮುತ್ತ ಎಷ್ಟೋ ಹಳ್ಳಿಗಳಲ್ಲಿ ಶಾಲೆ ಏಳನೇ ಕ್ಲಾಸಿಗೆ ಮುಗಿಯುತ್ತದೆ. ಎಂಟಕ್ಕೆ ದೊಡ್ಡ ಊರಿನ ಹೈಸ್ಕೂಲಿಗೆ ಬರಬೇಕು. ಐದಾರು ಊರಿನ ಮಕ್ಕಳು, ಒಂದೆರಡು ಹಟ್ಟಿಯ ಮಕ್ಕಳು ಜೂನ್‌ನಲ್ಲಿ ಒಂದೇ ಕೋಣೆಗೆ ಬಂದು ಸೇರುತ್ತಾರೆ. ಏಳರವರೆಗೆ ಚುರುಕಾಗಿದ್ದ ಹುಡುಗ ಆಗಸ್ಟ್ ಹೊತ್ತಿಗೆ ಹಿಂದಿನ ಬೆಂಚಿನಲ್ಲಿ ಮಂಕಾಗಿ ಕೂತಿರುತ್ತಾನೆ. "ಇವನಿಗೆ ಓದೋ ಮನಸ್ಸೇ ಇಲ್ಲ ಮೇಡಂ" ಅಂತ ಮನೆಯವರು ಹೇಳುತ್ತಾರೆ. ಬಹಳ ಸಲ ಅವನ ಕಷ್ಟ ಪುಸ್ತಕದ್ದಲ್ಲ. ಊಟಕ್ಕೆ ಯಾರ ಪಕ್ಕ ಕೂರಬೇಕು ಅಂತ ಅವನಿಗೆ ಗೊತ್ತಿಲ್ಲ, ಅಷ್ಟೇ.

ನಾನು ಗಣಿತ ಕಲಿಸುವವಳು, ಎಂಟನೇ ಕ್ಲಾಸಿಗೆ ಕ್ಲಾಸ್ ಟೀಚರ್ ಕೂಡ. ಹೊಸದಾಗಿ ಈ ಜವಾಬ್ದಾರಿ ಹೊತ್ತವರಿಗೆ ನಾನು ಮಾಡುವುದನ್ನು ಹೇಳುತ್ತೇನೆ.

ಮೊದಲ ಎರಡು ವಾರ ಹಳೇ ಶಾಲೆಯ ಅಂಕ ಕೇಳಬೇಡಿ. ಬಿಸಿಯೂಟದ ಹೊತ್ತಿಗೆ ಸ್ಟಾಫ್ ರೂಮಿನಲ್ಲಿ ಡಬ್ಬಿ ಬಿಚ್ಚುವ ಬದಲು ವರಾಂಡಾದಲ್ಲಿ ನಿಂತು ನೋಡಿ. ಮಕ್ಕಳು ಊರಿನ ಪ್ರಕಾರ ಗುಂಪಾಗಿ ಕೂರುತ್ತಾರೆ. ನಾಲ್ಕು ದಿನ ಗಮನಿಸಿದರೆ ಊರಿನೊಳಗೆ ಕೇರಿಯೂ ಕಾಣುತ್ತದೆ. ಅದನ್ನು ಕಂಡೂ ಕಾಣದಂತೆ ಇರಬೇಡಿ. ಹಾಗಂತ ಭಾಷಣ ಬಿಗಿದರೂ ಪ್ರಯೋಜನವಿಲ್ಲ, ಬಡಿಸುವ ಸರದಿಯನ್ನೇ ಬೆರೆಸಿಬಿಡಿ. ಇನ್ನೊಂದು ಮಗು ಇರುತ್ತದೆ. ಗಬಗಬ ತಿಂದು ನಲ್ಲಿ ಹತ್ತಿರ ಹೋಗಿ ತಟ್ಟೆ ತೊಳೆಯುತ್ತಲೇ ನಿಂತಿರುತ್ತದೆ. ತಟ್ಟೆ ಆಗಲೇ ಫಳಫಳ ಅನ್ನುತ್ತಿರುತ್ತದೆ. ಆ ಮಗುವಿಗೆ ಬೆಲ್ ಹೊಡೆಯುವವರೆಗೆ ಹೋಗಲು ಬೇರೆ ಜಾಗವಿಲ್ಲ. ಅಂಥವರ ಹೆಸರು ಬರೆದಿಟ್ಟುಕೊಳ್ಳಿ, ನಿಮ್ಮ ಕೆಲಸ ಅವರಿಂದಲೇ ಶುರು.

ಅವರಿಗೆ ನಾನು ಕೊಡುವ ಮೊದಲ ಕೆಲಸ ಅಡುಗೆಮನೆ ಲೆಕ್ಕ. ಬೇರೆ ಬೇರೆ ಊರಿನ ಇಬ್ಬರನ್ನು ಸೇರಿಸುತ್ತೇನೆ. ಹಾಜರಿ ಕರೆದ ಮೇಲೆ ಅವರು ತಲೆ ಎಣಿಸಿ, ಚೀಟಿಯ ಮೇಲೆ ಧಾನ್ಯದ ಲೆಕ್ಕ ಹಾಕಬೇಕು. ಎಂಟನೇ ಕ್ಲಾಸಿಗೆ ತಲೆಗೆ 150 ಗ್ರಾಂ. 46 ಮಂದಿ ಬಂದಿದ್ದರೆ 6,900 ಗ್ರಾಂ, ಅಂದರೆ 6 ಕೆಜಿ 900 ಗ್ರಾಂ. ದಶಮಾಂಶದಲ್ಲಿ 6.9 ಅಂತ ಬರೆಯಬೇಕೋ 6.09 ಅಂತಲೋ ಅನ್ನುವ ಜಗಳ ಅಲ್ಲೇ ಶುರುವಾಗುತ್ತದೆ. ಆ ಜಗಳವೇ ನನಗೆ ಬೇಕಾದದ್ದು. ಚೀಟಿ ಹಿಡಿದು ಹೋದಾಗ ಅಡುಗೆ ಅಕ್ಕ "ಇವತ್ತು ಎಷ್ಟಾಯ್ತಪ್ಪ?" ಅಂತ ಕೇಳುತ್ತಾರೆ. ಬಾಯಿ ಬಿಡಲೇಬೇಕು. ರಿಜಿಸ್ಟರ್ ಮಾತ್ರ ನೀವೇ ಬರೆಯಿರಿ, ಅದನ್ನು ಮಕ್ಕಳ ಕೈಗೆ ಕೊಡುವಂತಿಲ್ಲ.

ಬೆಂಚಿನ ವಿಷಯ. ಮೊದಲ ದಿನವೇ ಹಾಜರಿ ನಂಬರ್ ಪ್ರಕಾರ ಎಲ್ಲರನ್ನೂ ಕಲಸಿಬಿಡುವವರಿದ್ದಾರೆ. ಅದು ಜಾಸ್ತಿಯಾಯಿತು. ಒಂದು ಪಕ್ಕ ಸ್ವಂತ ಊರಿನವರು, ಇನ್ನೊಂದು ಪಕ್ಕ ಹೊಸಬರು ಇರಲಿ. ವರ್ಷದ ಮೊದಲ ಕಿರು ಪರೀಕ್ಷೆ ಎಫ್‌ಎ-1 ಮುಗಿದ ಮೇಲೆ ಬದಲಾಯಿಸಿ. ಬುದ್ಧಿವಂತರ ಬೆಂಚು, ದಡ್ಡರ ಬೆಂಚು ಅಂತ ಮಾಡುವವರನ್ನು ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ಗುಂಪು ಚಟುವಟಿಕೆಗೆ ನಾಲ್ವರು ಇರಲಿ, ಇಬ್ಬರು ಹುಡುಗರು, ಇಬ್ಬರು ಹುಡುಗಿಯರು. ಒಬ್ಬ ಹುಡುಗ, ಒಬ್ಬ ಹುಡುಗಿಯ ಜೋಡಿ ಮಾಡಿದಿರೋ, ಮಧ್ಯಾಹ್ನದೊಳಗೆ ಗೋಡೆ ಮೇಲೆ ಇಬ್ಬರ ಹೆಸರೂ ಬಂದಿರುತ್ತದೆ. ಆಮೇಲೆ ಆ ಹುಡುಗಿ ವರ್ಷಪೂರ್ತಿ ಕೈ ಎತ್ತುವುದಿಲ್ಲ.

ದೂರದ ಊರಿನವರು ಬರುವುದು ಖಾಸಗಿ ಬಸ್ಸಿನಲ್ಲಿ. ಸೀಟು ತುಂಬದೆ ಬಸ್ ಹೊರಡುವುದಿಲ್ಲ, ಪ್ರಾರ್ಥನೆ ತಪ್ಪುತ್ತದೆ. ಅವರನ್ನು ದಿನಾ ಗೇಟಿನ ಹತ್ತಿರ ನಿಲ್ಲಿಸಿದರೆ ಅಲ್ಲೇ ಒಂದು ಗ್ಯಾಂಗ್ ಹುಟ್ಟುತ್ತದೆ, ಅಲ್ವಾ? ಬರುವಾಗ ಬಸ್‌ಸ್ಟ್ಯಾಂಡ್ ಅಂಗಡಿಯಿಂದ ಪೇಪರ್ ತರುವ ಕೆಲಸ ಅವರಿಗೇ ವಹಿಸಿ. ಮೊದಲ ಪೀರಿಯಡ್‌ನಲ್ಲಿ ಅವರೇ ಸುದ್ದಿ ಓದಲಿ.

ಇನ್ನು ಓದಿಗೆ ಹುರುಪು ತರುವ ವಿಚಾರ. ಎಂಟನೇ ಕ್ಲಾಸಿನ ಮಗುವಿಗೆ ಎಸ್‌ಎಸ್‌ಎಲ್‌ಸಿ ಅಂಕದ ಭಯ ಹುಟ್ಟಿಸಿ ಏನೂ ಉಪಯೋಗವಿಲ್ಲ, ಅದು ಬಹಳ ದೂರದ ಮಾತು. ಕಣ್ಣೆದುರು ಇರುವುದು ಎನ್‌ಎಂಎಂಎಸ್, ಅಂದರೆ ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನದ ಪರೀಕ್ಷೆ. ಸರ್ಕಾರಿ, ಅನುದಾನಿತ ಶಾಲೆಯ ಎಂಟನೇ ಕ್ಲಾಸಿನವರು ಬರೆಯಬಹುದು. ಮನೆಯ ವರ್ಷದ ಆದಾಯ 3.5 ಲಕ್ಷ ಮೀರಬಾರದು. ಆಯ್ಕೆಯಾದರೆ ಒಂಬತ್ತರಿಂದ ಪಿಯುಸಿ ಎರಡನೇ ವರ್ಷದವರೆಗೆ ವರ್ಷಕ್ಕೆ 12,000 ರೂಪಾಯಿ. ನಮ್ಮ ಕಡೆ ಮಳೆ ಕೈಕೊಟ್ಟ ವರ್ಷ ಆ ದುಡ್ಡಿನ ಬೆಲೆ ಏನು ಅಂತ ಬಿಡಿಸಿ ಹೇಳಬೇಕಿಲ್ಲ.

ಅದರಲ್ಲಿ ಎರಡು ಪತ್ರಿಕೆ. ಒಂದು ಪಾಠದ್ದು, ಒಂದು ಬೌದ್ಧಿಕ ಸಾಮರ್ಥ್ಯದ್ದು. ಒಂದೊಂದರಲ್ಲಿ 90 ಪ್ರಶ್ನೆ, 90 ನಿಮಿಷ. ಬೌದ್ಧಿಕ ಸಾಮರ್ಥ್ಯದ ಪತ್ರಿಕೆಯಲ್ಲಿ ಸಂಖ್ಯೆಗಳ ಸರಣಿ, ಚಿತ್ರಗಳ ಒಗಟು ಬರುತ್ತವೆ. ಪಠ್ಯ ಕಂಡರೆ ಓಡುವ ಹುಡುಗರು ಇಲ್ಲಿ ಮುಂದೆ ನುಗ್ಗುತ್ತಾರೆ. ದಿನಾ ಸಂಜೆ ಬೋರ್ಡಿನ ಮೂಲೆಯಲ್ಲಿ ಎರಡು ಒಗಟು ಬರೆದು ಹೋಗಿ. ಬಸ್ ಕಾಯುವಾಗ ಬಿಡಿಸುತ್ತಾರೆ, ಬಸ್ಸಿನಲ್ಲಿ ಕಿತ್ತಾಡುತ್ತಾರೆ. ಬೆಳಿಗ್ಗೆ ಉತ್ತರ ಹೇಳುವವರು ಹೇಗೆ ಬಂತು ಅಂತಲೂ ಹೇಳಬೇಕು, ಸುಮ್ನೆ ಉತ್ತರ ಒದರಿದರೆ ಲೆಕ್ಕಕ್ಕಿಲ್ಲ. ಅರ್ಜಿ ಶಾಲೆಯಿಂದಲೇ ಹೋಗಬೇಕು. ಆದಾಯ ಪ್ರಮಾಣಪತ್ರ, ಮಗುವಿನ ಹೆಸರಿನ ಬ್ಯಾಂಕ್ ಖಾತೆ, ಆಧಾರ್ ಜೋಡಣೆ ಎಲ್ಲವನ್ನೂ ಮೊದಲೇ ಪೋಷಕರಿಗೆ ಹೇಳಿ. ಆಧಾರಿನಲ್ಲಿ ಒಂದು ಹೆಸರು, ಶಾಲೆ ದಾಖಲೆಯಲ್ಲಿ ಇನ್ನೊಂದು ಇರುವುದೇ ದೊಡ್ಡ ತಲೆನೋವು.

ಮಳೆಗಾಲ ಮುಗಿಯುವ ಹೊತ್ತಿಗೆ ಒಮ್ಮೆ ಕೋಟೆಗೆ ಕರೆದುಕೊಂಡು ಹೋಗಿ. ಹದಿನೈದು ವರ್ಷದೊಳಗಿನವರಿಗೆ ಟಿಕೆಟ್ ಇಲ್ಲ. ದುರ್ಗದವರೇ ಆದರೂ ಓಬವ್ವನ ಕಿಂಡಿಯಾಚೆ ಏನೂ ನೋಡದ ಮಕ್ಕಳು ಎಷ್ಟೋ ಜನ. ಸಾಲಾಗಿ ನಡೆಸಿ ಇತಿಹಾಸ ಒಪ್ಪಿಸಬೇಡಿ. ನಾಲ್ವರ ಗುಂಪಿಗೆ ಒಂದೊಂದು ಪ್ರಶ್ನೆ ಕೊಡಿ. ಗೋಪಾಲಸ್ವಾಮಿ ಹೊಂಡ ತುಂಬಿದ ಮೇಲೆ ನೀರು ಎತ್ತ ಹೋಗುತ್ತದೆ? ಅದನ್ನು ಹಿಡಿದು ಅಕ್ಕ-ತಂಗಿ ಹೊಂಡದವರೆಗೆ ಇಳಿದು ಬರುವಷ್ಟರಲ್ಲಿ ಯಾರು ಯಾರ ಕೈ ಹಿಡಿದು ಬಂಡೆ ಇಳಿಸಿದರು ಅಂತ ಗಮನಿಸಿ. ಮುಂದಿನ ಬೆಂಚುಗಳ ಪಟ್ಟಿಯನ್ನು ನಾನು ಅದನ್ನು ನೋಡಿಯೇ ಮಾಡುವುದು. ಹೊಂಡದ ಅಂಚಿಗೆ ಮಾತ್ರ ಯಾರನ್ನೂ ಬಿಡಬೇಡಿ.

ಮೊಬೈಲ್ ಬಗ್ಗೆ ಹೆಚ್ಚೇನಿಲ್ಲ. ಶಾಲೆಯೊಳಗೆ ಬೇಡ. ರೀಲ್ಸ್ ಬಗ್ಗೆ ಬೈಯುವ ಮುಂಚೆ ಯಾವ ರೀಲ್ ನೋಡುತ್ತಾರೆ ಅಂತ ಒಮ್ಮೆ ಕೇಳಿ, ತಾವೇ ನಗುತ್ತಾ ಹೇಳುತ್ತಾರೆ.

ನಿಜವಾದ ಪರೀಕ್ಷೆ ದಸರಾ ರಜೆ ಮುಗಿದ ಮೇಲೆ. ಶೇಂಗಾ ಕೀಳುವ ಕಾಲ, ಆಳು ಸಿಗುವುದಿಲ್ಲ, ಮಕ್ಕಳು ಹೊಲದಲ್ಲೇ ಉಳಿಯುತ್ತಾರೆ. ಮನೆಗೆ ನೋಟಿಸ್ ಕಳಿಸುವ ಮುಂಚೆ ಬೆಂಚಿನ ಗೆಳೆಯನ ಕೈಲಿ ಆ ದಿನದ ಒಗಟು ಕಳಿಸಿ. ಅವನ ಜಾಗದಲ್ಲಿ ಬೇರೆಯವರನ್ನು ಕೂರಿಸಬೇಡಿ. ಬಂದ ದಿನ "ಎಲ್ಲಿ ಹಾಳಾಗಿ ಹೋಗಿದ್ದೆ" ಅಂತ ಎಲ್ಲರೆದುರು ಕೇಳಬೇಡಿ. ಎಷ್ಟು ಚೀಲ ಆಯಿತು, ರೇಟು ಏನಿದೆ ಅಂತ ಕೇಳಿ, ಅದನ್ನೇ ಬೋರ್ಡ್ ಮೇಲೆ ಲೆಕ್ಕ ಮಾಡಿಸಿ. ತಪ್ಪಿದ ಪಾಠವನ್ನೆಲ್ಲ ನಕಲು ಮಾಡಿಸುವುದು ಬೇಡ, ಬಿಡಿಸಿದ ಲೆಕ್ಕಗಳಷ್ಟನ್ನು ಗೆಳೆಯನೇ ತೋರಿಸಲಿ. ಜೇಬಿನಲ್ಲಿ ಹಸಿ ಶೇಂಗಾ ತಂದಿದ್ದರೆ ಹಂಚಿಕೊಂಡು ತಿನ್ನಲಿ. ಸಿಪ್ಪೆ ಮಾತ್ರ ಅವರೇ ಗುಡಿಸಬೇಕು.